ಎಸ್‌ಎಂಪಿಎಸ್ ಮೇಲಿನ ಸಂಖ್ಯೆ

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚ್ಚಿ ಸ್ಟ್ರೀಟ್, ದೆಹಲಿಯ ನೆಹರೂ ಪ್ಲೇಸ್, ಬೆಂಗಳೂರಿನ ಎಸ್.ಪಿ. ರಸ್ತೆ. ಈ ಯಾವ ಪೇಟೆಗೆ ಹೋದರೂ ಕಂಪ್ಯೂಟರಿಗೆ ಕರೆಂಟು ಹಂಚುವ ತಗಡಿನ ಪೆಟ್ಟಿಗೆಗೆ ಹೆಸರು ಒಂದೇ: ಎಸ್‌ಎಂಪಿಎಸ್. ಸ್ವಿಚ್ ಮೋಡ್ ಪವರ್ ಸಪ್ಲೈ ಎಂಬುದರ ಮೊದಲಕ್ಷರಗಳು. ಅಮೆರಿಕದವರು ಪಿಎಸ್‌ಯು ಎನ್ನುತ್ತಾರೆ, ಅಂದರೆ ಬರಿಯ ‘ವಿದ್ಯುತ್ ಪೂರೈಸುವ ಘಟಕ’. ನಮ್ಮ ಅಂಗಡಿಗಳಲ್ಲಿ ಉಳಿದ ಹೆಸರು ಆ ಪೆಟ್ಟಿಗೆ ಏನು ಮಾಡುತ್ತದೆ ಎಂಬುದರ ಜೊತೆಗೆ ಹೇಗೆ ಮಾಡುತ್ತದೆ ಎಂಬುದನ್ನೂ ಹೇಳುತ್ತದೆ.

ಬಹಳ ಕಾಲ ಈ ಪೆಟ್ಟಿಗೆಯನ್ನು ಯಾರೂ ಆರಿಸಿ ಕೊಳ್ಳುತ್ತಿರಲಿಲ್ಲ. ಕ್ಯಾಬಿನೆಟ್ ಕೊಂಡರೆ ಅದರೊಳಗೇ ಒಂದು ಬರುತ್ತಿತ್ತು. ಪ್ರೊಸೆಸರ್ ಯಾವುದು, ರ್‍ಯಾಮ್ ಎಷ್ಟು ಎಂದು ಚೌಕಾಸಿ ಮಾಡುವವರೂ ಎಸ್‌ಎಂಪಿಎಸ್ ಬಗ್ಗೆ ಕೇಳುತ್ತಿರಲಿಲ್ಲ. ಇಂದು ಗ್ರಾಫಿಕ್ಸ್ ಕಾರ್ಡಿಗೆಂದು ದುಡ್ಡು ಕೂಡಿಟ್ಟ ಹುಡುಗನೊಬ್ಬ ಅಂಗಡಿಗೆ ಹೋದರೆ ಅವನಿಗೆ ಎದುರಾಗುವ ಮೊದಲ ಪ್ರಶ್ನೆಯೇ ‘ಈಗ ಎಷ್ಟು ವ್ಯಾಟಿನದಿದೆ?’ ಉತ್ತರ ಸಣ್ಣದಾದರೆ ಬಿಲ್ಲಿಗೆ ಇನ್ನೂ ಕೆಲವು ಸಾವಿರ ಸೇರಿಕೊಳ್ಳುತ್ತದೆ. ಉತ್ತರ ದೊಡ್ಡದಿದ್ದು ಪೆಟ್ಟಿಗೆ ಸುಳ್ಳಾಗಿದ್ದರೆ ಹೋಗುವುದು ಇನ್ನೂ ಹೆಚ್ಚು. ಈ ಪ್ರಶ್ನೆ ಯಾವಾಗ ಹುಟ್ಟಿತು, ಅದಕ್ಕೆ ಸಿಗುವ ಉತ್ತರ ಯಾಕೆ ಯಾವಾಗಲೂ ಲೆಕ್ಕಕ್ಕಿಂತ ದೊಡ್ಡ ಸಂಖ್ಯೆಯಾಗಿರುತ್ತದೆ ಎಂಬುದಕ್ಕೆ ಸುಮಾರು ಕಾಲು ಶತಮಾನದ ಚರಿತ್ರೆಯಿದೆ.

ಒಂದು ಬಲ್ಬಿನಷ್ಟು ಕರೆಂಟು

ಮೊದಲಿನ ವಿದ್ಯುತ್ ಪೆಟ್ಟಿಗೆಗಳು ಭಾರದವು. ಗೋಡೆಯ ಕರೆಂಟನ್ನು ದೊಡ್ಡ ಕಬ್ಬಿಣದ ಟ್ರಾನ್ಸ್‌ಫಾರ್ಮರಿನಿಂದ ಇಳಿಸಿ, ಬೇಕಾದ್ದಕ್ಕಿಂತ ಹೆಚ್ಚಿದ್ದ ವೋಲ್ಟೇಜನ್ನು ಶಾಖವಾಗಿ ಕಳೆದು, ಉಳಿದದ್ದನ್ನು ಯಂತ್ರಕ್ಕೆ ಕೊಡುತ್ತಿದ್ದವು. ಒಳಗೆ ಹೋದ ವಿದ್ಯುತ್ತಿನಲ್ಲಿ ದೊಡ್ಡ ಪಾಲು ಬಿಸಿಯಾಗಿಯೇ ಹೋಗುತ್ತಿತ್ತು. ಸ್ವಿಚ್ ಮೋಡ್ ದಾರಿ ಬೇರೆ. ಅಲ್ಲಿ ಟ್ರಾನ್ಸಿಸ್ಟರ್ ಒಂದು ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಹಾಕಿ ತೆಗೆದು ಮಾಡುತ್ತದೆ. ಎಷ್ಟು ಹೊತ್ತು ಹಾಕಿಡಬೇಕು ಎಂಬುದನ್ನು ಹೆಚ್ಚುಕಡಿಮೆ ಮಾಡಿ ಬೇಕಾದ ವೋಲ್ಟೇಜು ಪಡೆಯಲಾಗುತ್ತದೆ. ಆ ವೇಗದಲ್ಲಿ ಟ್ರಾನ್ಸ್‌ಫಾರ್ಮರ್ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದರೂ ಸಾಕು. 1960ರ ದಶಕದಲ್ಲಿ ಇದು ಉಪಗ್ರಹಗಳಂಥ ದುಬಾರಿ ಯಂತ್ರಗಳಲ್ಲಿ ಬಳಕೆಯಾಗುತ್ತಿದ್ದ ವಿದ್ಯೆ. 1970ರ ದಶಕದಲ್ಲಿ ಹೆಚ್ಚು ವೋಲ್ಟೇಜು ತಾಳುವ ಟ್ರಾನ್ಸಿಸ್ಟರುಗಳು ಅಗ್ಗವಾದ ಮೇಲೆ ಮನೆಯ ಕಂಪ್ಯೂಟರಿಗೆ ಇಳಿಯಿತು. 1977ರ ಆಪಲ್ 2 ಯಂತ್ರಕ್ಕೆ ರಾಡ್ ಹೋಲ್ಟ್ ರೂಪಿಸಿದ್ದು ಇಂಥದ್ದೇ. ಫ್ಯಾನಿನ ಸದ್ದೇ ಇರಬಾರದು ಎಂಬ ಸ್ಟೀವ್ ಜಾಬ್ಸ್ ಹಟಕ್ಕೆ ಬೇರೆ ಉಪಾಯವಿರಲಿಲ್ಲ.

1981ರಲ್ಲಿ ಬಂದ ಐಬಿಎಂ ಪಿಸಿಯ ಎಸ್‌ಎಂಪಿಎಸ್ 63.5 ವ್ಯಾಟಿನದು. ಇಡೀ ಕಂಪ್ಯೂಟರಿಗೆ ಅಂದಿನ ಒಂದು ಸಾಧಾರಣ ಬಲ್ಬಿನಷ್ಟು. 1983ರ ಎಕ್ಸ್‌ಟಿ ಮಾದರಿಗೆ ಹಾರ್ಡ್ ಡಿಸ್ಕ್ ಸೇರಿತು, 130 ವ್ಯಾಟ್ ಆಯಿತು. 1984ರ ಎಟಿಗೆ 192 ವ್ಯಾಟ್. ಈ ಏರಿಕೆಯಲ್ಲಿ ಪರದೆಯ ಮೇಲೆ ಅಕ್ಷರ ಮೂಡಿಸುವ ಕಾರ್ಡಿನ ಪಾಲು ಲೆಕ್ಕಕ್ಕೆ ಹಿಡಿಯುವಷ್ಟು ಇರಲಿಲ್ಲ. ತಿನ್ನುತ್ತಿದ್ದದ್ದು ತಿರುಗುವ ಡಿಸ್ಕುಗಳು ಮತ್ತು ಸಾಲುಸಾಲು ಚಿಪ್ಪುಗಳು. ಕಾರ್ಡು ತನಗೆ ಬೇಕಾದ್ದನ್ನು ತಾನು ಕೂತ ಸ್ಲಾಟಿನಿಂದಲೇ ಹೀರಿಕೊಳ್ಳುತ್ತಿತ್ತು. 1990ರ ದಶಕದ ಪಿಸಿಐ ಸ್ಲಾಟಿನಲ್ಲಿ ಒಂದು ಕಾರ್ಡಿಗೆ ಗರಿಷ್ಠ 25 ವ್ಯಾಟ್ ಎಂದು ಗೆರೆ ಎಳೆದಿದ್ದರು. ಗ್ರಾಫಿಕ್ಸಿಗೆಂದೇ ಬಂದ ಎಜಿಪಿ ಸ್ಲಾಟು ಅದನ್ನು ಸುಮಾರು 40ಕ್ಕೆ ಏರಿಸಿತು. ಅಷ್ಟು ಸಾಕು ಎಂದು ಆಗ ಅನಿಸಿದ್ದು ಸಹಜ.

ಕಾರ್ಡಿಗೆ ಸ್ವಂತ ತಂತಿ

ಆ ಗೆರೆ ದಾಟಿದ ಮೊದಲ ಹೆಸರಾಂತ ಕಾರ್ಡುಗಳಲ್ಲಿ ಒಂದು 2000ದಲ್ಲಿ ಬಂದ ವೂಡೂ 5 5500. ಮೂರು ಆಯಾಮದ ಆಟಗಳನ್ನು ಮನೆಮಾತಾಗಿಸಿದ ತ್ರೀಡಿಎಫ್‌ಎಕ್ಸ್ ಕಂಪನಿಯದು. ಹೆಚ್ಚು ವೇಗ ಬೇಕೆಂದು ಅವರು ಒಂದೇ ಹಲಗೆಯ ಮೇಲೆ ಎರಡು ಚಿಪ್ ಕೂರಿಸಿದರು. ಸ್ಲಾಟಿನ ಕರೆಂಟು ಸಾಲದಾಯಿತು. ಹಾರ್ಡ್ ಡಿಸ್ಕಿಗೆ ಚುಚ್ಚುವ ನಾಲ್ಕು ಪಿನ್ನಿನ ಮೋಲೆಕ್ಸ್ ತಂತಿಯನ್ನೇ ಕಾರ್ಡಿಗೂ ಚುಚ್ಚುವಂತೆ ಮಾಡಿದರು. ನಾಲ್ಕು ಚಿಪ್ಪಿನ ವೂಡೂ 5 6000 ಎಂಬ ಅಣ್ಣನೂ ತಯಾರಾಗುತ್ತಿದ್ದ. ಅವನ ಹಸಿವಿಗೆ ಅಂದಿನ ಎಸ್‌ಎಂಪಿಎಸ್‌ಗಳನ್ನು ನಂಬುವಂತಿರಲಿಲ್ಲವಾಗಿ, ಗೋಡೆಗೆ ನೇರವಾಗಿ ಹಾಕುವ ಬೇರೆಯದೇ ಅಡಾಪ್ಟರನ್ನು ಜೊತೆಗೆ ಕೊಡುವ ಯೋಚನೆ ಇತ್ತು. ಆ ಕಾರ್ಡು ಮಾರುಕಟ್ಟೆಗೆ ಬರಲೇ ಇಲ್ಲ. 2000ದ ಡಿಸೆಂಬರಿನಲ್ಲಿ ಕಂಪನಿಯ ಆಸ್ತಿ ಎನ್‌ವಿಡಿಯಾ ಪಾಲಾಗುವ ಒಪ್ಪಂದವಾಯಿತು.

ಹೊರಗಿನ ಅಡಾಪ್ಟರಿನ ಯೋಚನೆ ಸತ್ತರೂ ಪ್ರತ್ಯೇಕ ತಂತಿಯ ಯೋಚನೆ ಉಳಿಯಿತು. 2002ರ ರೇಡಿಯಾನ್ 9700 ಪ್ರೊ ಫ್ಲಾಪಿ ಡ್ರೈವಿನ ಪುಟ್ಟ ಕನೆಕ್ಟರನ್ನು ಕೇಳಿತು. 2003ರ ಜೀಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ ಮೋಲೆಕ್ಸ್ ಕೇಳಿತು. ಅದರ ಫ್ಯಾನಿನ ಸದ್ದು ಎಷ್ಟಿತ್ತೆಂದರೆ, ಎಲೆ ಗುಡಿಸುವ ಗಾಳಿಯಂತ್ರಕ್ಕೆ ಹೋಲಿಸಿ ಎನ್‌ವಿಡಿಯಾ ತನ್ನನ್ನು ತಾನೇ ಗೇಲಿ ಮಾಡಿಕೊಂಡು ಒಂದು ವಿಡಿಯೊ ಮಾಡಿತು.

ಬೇಡಿಕೆ ಏರಲು ಕಾರಣ ಚಿಪ್ಪಿನ ಒಳಗೇ ಇತ್ತು. 1974ರಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು ಒಂದು ಸೂತ್ರ ಮುಂದಿಟ್ಟಿದ್ದರು. ಟ್ರಾನ್ಸಿಸ್ಟರನ್ನು ಕಿರಿದು ಮಾಡಿದಷ್ಟೂ ಅದಕ್ಕೆ ಬೇಕಾದ ವೋಲ್ಟೇಜನ್ನೂ ಇಳಿಸಬಹುದು, ಆದ್ದರಿಂದ ಅದೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರ್ ತುಂಬಿದರೂ ಒಟ್ಟು ಬಿಸಿ ಏರುವುದಿಲ್ಲ ಎಂದು. ಮೂವತ್ತು ವರ್ಷ ಈ ಮಾತು ಕಂಪ್ಯೂಟರ್ ಉದ್ಯಮವನ್ನು ಕಾಯಿತು. 2005ರ ಆಸುಪಾಸಿಗೆ ಅದು ಕೈಕೊಟ್ಟಿತು. ವೋಲ್ಟೇಜು ಸುಮಾರು ಒಂದು ವೋಲ್ಟಿನ ಹತ್ತಿರ ಬಂದು ನಿಂತುಬಿಟ್ಟಿತು. ಇನ್ನೂ ಇಳಿಸಿದರೆ ಟ್ರಾನ್ಸಿಸ್ಟರುಗಳು ಸರಿಯಾಗಿ ಮುಚ್ಚಿಕೊಳ್ಳದೆ ಸೋರತೊಡಗಿದವು. ಅಲ್ಲಿಂದ ಮುಂದೆ ಹೆಚ್ಚು ಟ್ರಾನ್ಸಿಸ್ಟರ್ ಎಂದರೆ ಹೆಚ್ಚು ಬಿಸಿ. ಗ್ರಾಫಿಕ್ಸ್ ಚಿಪ್ಪಿನ ಕೆಲಸವೋ ಲಕ್ಷಾಂತರ ಚುಕ್ಕೆಗಳ ಬಣ್ಣವನ್ನು ಒಟ್ಟಿಗೇ ಲೆಕ್ಕ ಹಾಕುವುದು. ಎಷ್ಟು ಕೈಗಳಿದ್ದರೆ ಅಷ್ಟು ಲಾಭ. ಹಾಗಾಗಿ ಕೈಗಳು ಹೆಚ್ಚುತ್ತ ಹೋದವು, ಕರೆಂಟಿನ ಬಿಲ್ಲೂ.

480 ಎಂದರೆ ಏನು?

2004ರ ಏಪ್ರಿಲ್‌ನಲ್ಲಿ ಜೀಫೋರ್ಸ್ 6800 ಅಲ್ಟ್ರಾ ಬಂದಾಗ ಎರಡು ಮೋಲೆಕ್ಸ್ ತಂತಿ ಕೇಳಿತು. ಜೊತೆಗೆ ಎನ್‌ವಿಡಿಯಾದ ಶಿಫಾರಸು: 480 ವ್ಯಾಟಿನ ಎಸ್‌ಎಂಪಿಎಸ್. ಕೊಳ್ಳುವವರು ಬೆಚ್ಚಿದರು. ಕಾರ್ಡು ಒಂದೇ ಅಷ್ಟು ತಿನ್ನುತ್ತಿರಲಿಲ್ಲ; ಅದರ ಪಾಲು 100 ವ್ಯಾಟಿನ ಆಸುಪಾಸು. ಮತ್ತೆ 480 ಯಾಕೆ?

ಉತ್ತರ ಎಸ್‌ಎಂಪಿಎಸ್‌ನ ಮೈಮೇಲೆ ಅಂಟಿಸಿದ ಚೀಟಿಯಲ್ಲಿದೆ. ಈ ಪೆಟ್ಟಿಗೆ ಒಂದೇ ವೋಲ್ಟೇಜು ಕೊಡುವುದಿಲ್ಲ. 3.3, 5 ಮತ್ತು 12 ವೋಲ್ಟಿನ ಮೂರು ಮುಖ್ಯ ಕಾಲುವೆಗಳು ಅದರಿಂದ ಹೊರಡುತ್ತವೆ. ಚೀಟಿಯ ಮೇಲಿನ ದೊಡ್ಡ ಸಂಖ್ಯೆ ಎಲ್ಲ ಕಾಲುವೆಗಳ ಮೊತ್ತ. ಹಳೆಯ ಯಂತ್ರಗಳಲ್ಲಿ ಪ್ರೊಸೆಸರ್ ಮತ್ತಿತರ ಚಿಪ್ಪುಗಳು ಸಣ್ಣ ವೋಲ್ಟೇಜನ್ನೇ ಬಳಸುತ್ತಿದ್ದರಿಂದ 3.3 ಮತ್ತು 5ರ ಕಾಲುವೆಗಳು ಅಗಲವಾಗಿದ್ದವು, 12ರದು ಡಿಸ್ಕು ತಿರುಗಿಸಲು ಮಾತ್ರ ಎಂಬಷ್ಟು ಕಿರಿದಾಗಿತ್ತು.

ಹೊಸ ಪ್ರೊಸೆಸರುಗಳು ಮತ್ತು ಕಾರ್ಡುಗಳು ಇದನ್ನು ತಲೆಕೆಳಗು ಮಾಡಿದವು. 60 ವ್ಯಾಟನ್ನು 5 ವೋಲ್ಟಿನಲ್ಲಿ ಸಾಗಿಸಲು 12 ಆಂಪಿಯರ್ ಬೇಕು; 12 ವೋಲ್ಟಿನಲ್ಲಿ ಸಾಗಿಸಲು 5 ಆಂಪಿಯರ್ ಸಾಕು. ತಂತಿ ಬಿಸಿಯಾಗುವುದು ಆಂಪಿಯರಿನ ವರ್ಗಕ್ಕೆ ತಕ್ಕಂತೆ. ಆದ್ದರಿಂದ ಅದೇ ತಂತಿಯಲ್ಲಿ ಮೊದಲನೆಯದು ಎರಡನೆಯದಕ್ಕಿಂತ ಸುಮಾರು ಆರು ಪಟ್ಟು ಶಾಖ ಹುಟ್ಟಿಸುತ್ತದೆ. 2000ದಲ್ಲಿ ಪೆಂಟಿಯಂ 4 ಬಂದಾಗ ಇಂಟೆಲ್ ಪ್ರೊಸೆಸರಿಗೆಂದೇ 12 ವೋಲ್ಟಿನ ನಾಲ್ಕು ಪಿನ್ನಿನ ಪ್ರತ್ಯೇಕ ಪ್ಲಗ್ ತಂದದ್ದು ಇದೇ ಕಾರಣಕ್ಕೆ. 2003ರ ಎಟಿಎಕ್ಸ್12ವಿ ಎರಡನೆಯ ಆವೃತ್ತಿ ಮದರ್‌ಬೋರ್ಡಿನ ಪ್ಲಗ್ಗನ್ನು 20 ಪಿನ್ನಿನಿಂದ 24ಕ್ಕೆ ಏರಿಸಿ, ಒಟ್ಟು ಶಕ್ತಿಯ ಹೆಚ್ಚಿನ ಪಾಲನ್ನು 12 ವೋಲ್ಟಿಗೆ ವರ್ಗಾಯಿಸಿತು.

ಆದರೆ ಮನೆಮನೆಯ ಕ್ಯಾಬಿನೆಟ್ಟುಗಳಲ್ಲಿ ಇದ್ದವು ಹಳೆಯ ಪೆಟ್ಟಿಗೆಗಳೇ. ಚೀಟಿಯಲ್ಲಿ 450 ವ್ಯಾಟ್ ಎಂದಿದ್ದು, ಕೆಳಗಿನ ಕೋಷ್ಟಕದಲ್ಲಿ 12 ವೋಲ್ಟಿಗೆ 14 ಆಂಪಿಯರ್ ಎಂದಿದ್ದರೆ, ಕಾರ್ಡಿಗೂ ಪ್ರೊಸೆಸರಿಗೂ ಕೂಡಿ ನಿಜವಾಗಿ ದಕ್ಕುವುದು 168 ವ್ಯಾಟ್. ಉಳಿದದ್ದು ಯಾರಿಗೂ ಬೇಡವಾದ ಕಾಲುವೆಯಲ್ಲಿ ಹರಿಯುವ ನೀರು. ಇನ್ನು ಕೆಲವು ಅಗ್ಗದ ಪೆಟ್ಟಿಗೆಗಳು ಬರೆದಷ್ಟನ್ನು ಕ್ಷಣಕಾಲ ಕೊಟ್ಟಾವು, ಗಂಟೆಗಟ್ಟಲೆ ಕೊಡಲಾರವು. ಕಾರ್ಡ್ ಮಾಡಿದ ಕಂಪನಿಗೆ ಯಾರ ಮನೆಯಲ್ಲಿ ಯಾವ ಪೆಟ್ಟಿಗೆ ಇದೆಯೆಂದು ಗೊತ್ತಾಗುವ ಬಗೆಯಿಲ್ಲ. ತೀರ ಕೆಟ್ಟದ್ದು ಇದ್ದರೂ ತನ್ನ ಕಾರ್ಡಿಗೆ ಕೆಟ್ಟ ಹೆಸರು ಬರಬಾರದು. ಆದ್ದರಿಂದ ಸುರಕ್ಷಿತವಾದ ಒಂದು ದೊಡ್ಡ ಸಂಖ್ಯೆ ಹೇಳಿತು. ಅಂದಿನಿಂದ ಇಂದಿನವರೆಗೆ ಕಾರ್ಡಿನ ಡಬ್ಬದ ಮೇಲೆ ಬರೆಯುವ ಶಿಫಾರಸಿನಲ್ಲಿ ಈ ಅಪನಂಬಿಕೆಯ ತೆರಿಗೆ ಸೇರಿದೆ. ಒಳ್ಳೆಯ ಎಸ್‌ಎಂಪಿಎಸ್ ಇಟ್ಟುಕೊಂಡವರೂ ಅದನ್ನು ಕಟ್ಟುತ್ತಾರೆ. ಕೆಟ್ಟದ್ದು ಇಟ್ಟುಕೊಂಡವರಿಗೆ ಅಷ್ಟು ಕಟ್ಟಿದರೂ ರಕ್ಷಣೆ ಸಿಗುವುದಿಲ್ಲ.

ಪಿನ್ನುಗಳ ಮಾತು

2004ರಲ್ಲಿ ಎಜಿಪಿಯ ಜಾಗಕ್ಕೆ ಪಿಸಿಐ ಎಕ್ಸ್‌ಪ್ರೆಸ್ ಬಂತು. ಈ ಸಲ ನಿಯಮ ಸ್ಪಷ್ಟವಾಗಿತ್ತು. ಸ್ಲಾಟಿನಿಂದ 75 ವ್ಯಾಟ್. ಆರು ಪಿನ್ನಿನ ಪ್ರತ್ಯೇಕ ಪ್ಲಗ್ ಒಂದಕ್ಕೆ ಇನ್ನು 75. ಮುಂದೆ ಬಂದ ಎಂಟು ಪಿನ್ನಿನದಕ್ಕೆ 150. ಇಲ್ಲೊಂದು ಸ್ವಾರಸ್ಯವಿದೆ. ಆರು ಪಿನ್ನಿನ ಪ್ಲಗ್ಗಿನಲ್ಲೂ ಎಂಟು ಪಿನ್ನಿನದರಲ್ಲೂ 12 ವೋಲ್ಟಿನ ಜಾಗಗಳು ಮೂರೇ. ಹೆಚ್ಚಿನ ಎರಡು ಪಿನ್ನುಗಳು ನೆಲಕ್ಕೆ ಸೇರಿದವು. ಅವು ಇದ್ದರೆ ಕಾರ್ಡಿಗೆ ‘ಈ ಎಸ್‌ಎಂಪಿಎಸ್ 150 ಕೊಡಬಲ್ಲದು’ ಎಂದು ತಿಳಿಯುತ್ತದೆ. ಎಂದರೆ ಆ ಎರಡು ಪಿನ್ನು ಹೆಚ್ಚಾಗಿ ಹೊರುವುದು ಒಂದು ಮಾತನ್ನು. ಎರಡು ಮೋಲೆಕ್ಸ್ ತಂತಿಗಳನ್ನು ಎಂಟು ಪಿನ್ನಿನ ಪ್ಲಗ್ಗಿಗೆ ಬದಲಿಸುವ ಅಗ್ಗದ ಪರಿವರ್ತಕ ತಂತಿ ಹಾಕಿದಾಗಲೂ ಕಾರ್ಡು ಅದೇ ಮಾತನ್ನು ಕೇಳಿಸಿಕೊಳ್ಳುತ್ತದೆ, ನಂಬುತ್ತದೆ. ಹಿಂದಿರುವ ತಂತಿಗೆ ಆ ತಾಕತ್ತು ಇದೆಯೇ ಎಂದು ವಿಚಾರಿಸುವ ದಾರಿ ಅದಕ್ಕಿಲ್ಲ.

ನಿಯಮದ ಅಂಚಿನಲ್ಲಿ ನಡೆದವರೂ ಇದ್ದರು. 2010ರ ಜಿಟಿಎಕ್ಸ್ 480 ತನ್ನ 250 ವ್ಯಾಟಿನಿಂದ, ಅದರ ಮೇಲೆ ಮೊಟ್ಟೆ ಹುರಿಯಬಹುದೆಂಬ ನಗೆಚಾಟಿಕೆಗಳಿಗೆ ಗುರಿಯಾಯಿತು. ನಡುವೆ ಇಳಿಕೆಯೂ ಆಯಿತು: 2014ರ ಜಿಟಿಎಕ್ಸ್ 980 ಅದಕ್ಕಿಂತ ಎಷ್ಟೋ ಪಟ್ಟು ಕೆಲಸವನ್ನು 165 ವ್ಯಾಟಿನಲ್ಲಿ ಮಾಡಿತು. 2016ರ ಜೂನ್‌ನಲ್ಲಿ ಎಎಂಡಿಯ ಆರ್‌ಎಕ್ಸ್ 480 ಬಂದಾಗ ಅದಕ್ಕೆ ಇದ್ದದ್ದು ಆರು ಪಿನ್ನಿನ ಒಂದೇ ಪ್ಲಗ್. ಸ್ಲಾಟಿನ 75, ಪ್ಲಗ್ಗಿನ 75, ಕಾರ್ಡಿನ ಘೋಷಿತ ಹಸಿವು 150. ಲೆಕ್ಕ ಸರಿಹೋಯಿತು, ಕೈಯಲ್ಲಿ ಒಂದು ಕಾಸೂ ಉಳಿಯಲಿಲ್ಲ. ಅಳೆದು ನೋಡಿದ ವಿಮರ್ಶಕರಿಗೆ ಕಾರ್ಡು ಸ್ಲಾಟಿನಿಂದ ಮಿತಿ ಮೀರಿ ಹೀರುತ್ತಿರುವುದು ಕಂಡಿತು. ಜುಲೈನಲ್ಲೇ ಎಎಂಡಿ ಹೊಸ ಡ್ರೈವರ್ ಕೊಟ್ಟು ಭಾರವನ್ನು ಪ್ಲಗ್ಗಿನ ಕಡೆಗೆ ಸರಿಸಿತು. ಪ್ಲಗ್ಗಿನ ತಂತಿ ದಪ್ಪ, ತಾಳಿಕೊಂಡಿತು. ಮದರ್‌ಬೋರ್ಡಿನ ಮೇಲಿನ ತೆಳು ತಾಮ್ರದ ಗೆರೆಗಳಿಗೆ ಆ ಸೌಕರ್ಯವಿಲ್ಲ.

ಕಣ್ಣುರೆಪ್ಪೆಗಿಂತ ವೇಗವಾದ ಏರು

2020ರ ಸೆಪ್ಟೆಂಬರಿನಲ್ಲಿ ಬಂದ ಆರ್‌ಟಿಎಕ್ಸ್ 3080ಯ ಹಸಿವು 320 ವ್ಯಾಟ್, ಶಿಫಾರಸು 750. ಆಗ ಒಂದು ಹೊಸ ದೂರು ಕೇಳಿಬಂತು. ಒಟ್ಟು ಲೆಕ್ಕದಲ್ಲಿ ಎಸ್‌ಎಂಪಿಎಸ್‌ಗೆ ಇನ್ನೂ ಅವಕಾಶವಿದೆ, ಪೆಟ್ಟಿಗೆಯೂ ಒಳ್ಳೆಯ ದರ್ಜೆಯದು, ಆದರೂ ಆಟದ ನಡುವೆ ಕಂಪ್ಯೂಟರ್ ಪಟ್ಟನೆ ಆರಿಹೋಗುತ್ತದೆ. ತಪ್ಪು ಸರಾಸರಿಯಲ್ಲಿತ್ತು. 320 ಎನ್ನುವುದು ಒಂದು ಕಾಲಾವಧಿಯ ಸರಾಸರಿ. ಅದರೊಳಗೆ, ಮಿಲಿಸೆಕೆಂಡಿಗಿಂತಲೂ ಕಿರಿದಾದ ಅವಧಿಗಳಲ್ಲಿ, ಕಾರ್ಡು ಅದರ ಎಷ್ಟೋ ಪಾಲು ಹೆಚ್ಚು ಸೆಳೆದು ಮತ್ತೆ ಇಳಿಯುತ್ತಿತ್ತು. ಎಸ್‌ಎಂಪಿಎಸ್‌ನ ಕಾವಲು ಸರ್ಕಿಟ್ ಇದನ್ನು ಶಾರ್ಟ್ ಎಂದು ತಿಳಿದು ತನ್ನ ಕರ್ತವ್ಯ ಮಾಡುತ್ತಿತ್ತು.

2022ರ ಆರಂಭದಲ್ಲಿ ಇಂಟೆಲ್ ಹೊರತಂದ ಎಟಿಎಕ್ಸ್ 3.0 ನಿಯಮ ಇದನ್ನು ಬರಹಕ್ಕೆ ಇಳಿಸಿತು. ಈ ಬಗೆಯ ಕಾರ್ಡುಗಳಿಗೆಂದು ಮಾಡಿದ ಎಸ್‌ಎಂಪಿಎಸ್ 100 ಮೈಕ್ರೊಸೆಕೆಂಡಿನಷ್ಟು ಕಾಲ ತನ್ನ ಘೋಷಿತ ಶಕ್ತಿಯ ಎರಡು ಪಟ್ಟನ್ನು ತಾಳಿಕೊಳ್ಳಬೇಕು. ಜೊತೆಗೆ ಹೊಸದೊಂದು ಪ್ಲಗ್ ಬಂತು: 12ವಿಎಚ್‌ಪಿಡಬ್ಲ್ಯುಆರ್. ಹನ್ನೆರಡು ದೊಡ್ಡ ಪಿನ್ನು, ಮಾತಾಡಲು ನಾಲ್ಕು ಪುಟ್ಟ ಪಿನ್ನು, ಒಟ್ಟು 600 ವ್ಯಾಟ್. ಅದೇ ವರ್ಷದ ಆರ್‌ಟಿಎಕ್ಸ್ 4090 ಇದನ್ನು ಬಳಸಿತು. ಅಕ್ಟೋಬರಿನಲ್ಲಿ ಮಾರಾಟ ಆರಂಭವಾದ ಕೆಲವೇ ದಿನಗಳಲ್ಲಿ ಕರಗಿದ ಪ್ಲಗ್ಗುಗಳ ಚಿತ್ರಗಳು ಬಂದವು. ಸುಮಾರು 50 ಪ್ರಕರಣಗಳು ತನ್ನ ಗಮನಕ್ಕೆ ಬಂದಿವೆ, ಪ್ಲಗ್ ಪೂರ್ತಿ ಒಳಗೆ ಕೂರದಿರುವುದು ಸಾಮಾನ್ಯ ಕಾರಣ ಎಂದು ಎನ್‌ವಿಡಿಯಾ ನವೆಂಬರಿನಲ್ಲಿ ಹೇಳಿತು.

ಬಳಸುವವರ ಕೈತಪ್ಪು ಇದ್ದಿರಬಹುದು. ಆದರೆ ಲೆಕ್ಕವನ್ನೂ ನೋಡಬೇಕು. ಹಳೆಯ ಎಂಟು ಪಿನ್ನಿನ ಪ್ಲಗ್ಗಿನಲ್ಲಿ 150 ವ್ಯಾಟ್ ಮೂರು ಪಿನ್ನುಗಳಿಗೆ ಹಂಚಿದರೆ ತಲಾ ನಾಲ್ಕು ಆಂಪಿಯರ್ ಚಿಲ್ಲರೆ. ಪಿನ್ನು ಅದರ ಹೆಚ್ಚುಕಡಿಮೆ ಎರಡರಷ್ಟು ಹೊರಬಲ್ಲದು. ಹೊಸದರಲ್ಲಿ 600 ವ್ಯಾಟ್ ಆರು ಪಿನ್ನುಗಳಿಗೆ ಹಂಚಿದರೆ ತಲಾ 8.3 ಆಂಪಿಯರ್, ಅದಕ್ಕಿಂತ ಕಿರಿದಾದ ಪಿನ್ನಿನ ಮಿತಿ ಒಂಬತ್ತು ಚಿಲ್ಲರೆ. ಒಂದು ಪಿನ್ನು ಸ್ವಲ್ಪ ಸಡಿಲವಾದರೆ ಅದರ ಪಾಲು ಪಕ್ಕದವರ ಮೇಲೆ ಬೀಳುತ್ತದೆ, ಪಕ್ಕದವರಿಗೆ ಹೊರುವ ಅವಕಾಶವಿಲ್ಲ. ಹಿಂದಿನವರು ಬಿಟ್ಟಿದ್ದ ಧಾರಾಳವಾದ ಅಂತರವನ್ನು ಚಿಕ್ಕ ಪ್ಲಗ್ಗಿನ ಆಸೆಗೆ ಖರ್ಚು ಮಾಡಲಾಗಿತ್ತು. 2023ರಲ್ಲಿ ಪರಿಷ್ಕೃತ ಪ್ಲಗ್ ಬಂತು. ಮಾತಾಡುವ ಪಿನ್ನುಗಳನ್ನು ಗಿಡ್ಡ ಮಾಡಿ, ಪೂರ್ತಿ ಒಳಗೆ ಕೂರದೆ ಕಾರ್ಡು ಹೊತ್ತಿಕೊಳ್ಳದಂತೆ ಮಾಡಿದರು. ಆದರೂ 2025ರ ಆರಂಭದಲ್ಲಿ 575 ವ್ಯಾಟಿನ ಆರ್‌ಟಿಎಕ್ಸ್ 5090 ಬಂದ ಮೇಲೆ ಕರಗಿದ ಪ್ಲಗ್ಗುಗಳ ಸುದ್ದಿ ಮತ್ತೆ ಬಂತು. ಆ ಒಂದು ಕಾರ್ಡಿಗೆ ಬೇಕಾಗುವುದು ಒಂಬತ್ತು ಐಬಿಎಂ ಪಿಸಿಗಳ ಒಟ್ಟು ಎಸ್‌ಎಂಪಿಎಸ್ ಶಕ್ತಿ. ಅದಕ್ಕೆ ಶಿಫಾರಸಾದ 1000 ವ್ಯಾಟ್ ಎಂದರೆ ಒಂದು ಇಸ್ತ್ರಿಪೆಟ್ಟಿಗೆ.

ಹಾಸಿಗೆ ಅಳೆಯುವ ಬಗೆ

ಈ ಚರಿತ್ರೆಯನ್ನು ಬಲ್ಲವರಿಗೆ ಅಂಗಡಿಯ ಲೆಕ್ಕ ಕಷ್ಟವಲ್ಲ. ಆರ್‌ಟಿಎಕ್ಸ್ 4070ಯಂಥ ಮಧ್ಯಮ ಕಾರ್ಡು 200 ವ್ಯಾಟಿನದು. ರೈಜನ್ 5 7600 ಪ್ರೊಸೆಸರಿನ ಡಬ್ಬದ ಮೇಲೆ 65 ಎಂದಿದ್ದರೂ ಸಾಕೆಟ್ಟಿನಿಂದ ಅದು 88 ವ್ಯಾಟಿನವರೆಗೆ ಎಳೆಯುತ್ತದೆ. ಮದರ್‌ಬೋರ್ಡು, ರ್‍ಯಾಮ್, ಡಿಸ್ಕು, ಫ್ಯಾನುಗಳಿಗೆ 60 ಹಿಡಿಯಬಹುದು. ಒಟ್ಟು 350ರ ಹತ್ತಿರ. ಕ್ಷಣದ ಏರಿಗೆ, ಪೆಟ್ಟಿಗೆ ಹಳೆಯದಾದಾಗಿನ ಸೊರಗಿಗೆ ಇನ್ನರ್ಧ ಸೇರಿಸಿದರೆ 525. ಆದ್ದರಿಂದ 550 ವ್ಯಾಟಿನ ಒಳ್ಳೆಯ ಪೆಟ್ಟಿಗೆ ಸಾಕು. 650 ಇದ್ದರೆ ನಿಶ್ಚಿಂತೆ. 850 ಕೊಂಡರೆ ಕರೆಂಟ್ ಬಿಲ್ ಏರುತ್ತದೆ ಎಂಬ ಭಯ ಸುಳ್ಳು. ಎಸ್‌ಎಂಪಿಎಸ್ ಕೇಳಿದಷ್ಟೇ ಕೊಡುತ್ತದೆ, ಬರೆದಷ್ಟನ್ನು ತಾನೇ ತಿನ್ನುವುದಿಲ್ಲ. ಏರುವುದು ಬೆಲೆ.

ಬಿಲ್ಲಿಗೆ ಸಂಬಂಧಿಸಿದ್ದು ದಕ್ಷತೆ. 2004ರಲ್ಲಿ ಅಮೆರಿಕದಲ್ಲಿ ಶುರುವಾದ 80 ಪ್ಲಸ್ ಗುರುತು, ಒಳಗೆ ಹೋದ ವಿದ್ಯುತ್ತಿನಲ್ಲಿ ಕನಿಷ್ಠ ಶೇ. 80 ಹೊರಬರಬೇಕು ಎಂದು ಕೇಳಿತು. ಬ್ರಾಂಜ್, ಗೋಲ್ಡ್ ಮೊದಲಾದ ಮೆಟ್ಟಿಲುಗಳು ಆಮೇಲೆ ಬಂದವು. ಕಂಪ್ಯೂಟರಿಗೆ 300 ವ್ಯಾಟ್ ಬೇಕಿದ್ದರೆ, ಶೇ. 80ರ ಪೆಟ್ಟಿಗೆ ಗೋಡೆಯಿಂದ 375 ಎಳೆಯುತ್ತದೆ, ಶೇ. 90ರದು 333. ದಿನಕ್ಕೆ ನಾಲ್ಕು ಗಂಟೆ ಬಳಸಿದರೆ ವರ್ಷಕ್ಕೆ ಸುಮಾರು 60 ಯೂನಿಟ್ ವ್ಯತ್ಯಾಸ; ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೆ ಐನೂರರ ಹತ್ತಿರ. ಆದರೆ ಈ ಗುರುತು ಹೇಳುವುದು ದಕ್ಷತೆಯನ್ನು ಮಾತ್ರ. ಶಾರ್ಟ್ ಆದಾಗ ಪೆಟ್ಟಿಗೆ ಆರುತ್ತದೋ ಇಲ್ಲವೋ, ಕ್ಷಣದ ಏರು ತಾಳುತ್ತದೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ.

ನಮ್ಮ ಮನೆಗಳಲ್ಲಿ ಇನ್ನೊಂದು ಪೆಟ್ಟಿಗೆ ಈ ಸಾಲಿನಲ್ಲಿ ನಿಲ್ಲುತ್ತದೆ: ಯುಪಿಎಸ್. ಅಲ್ಲಿಯೂ ಅದೇ ಕಥೆ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟಿನಷ್ಟು. ವಿಎ ಮತ್ತು ವ್ಯಾಟ್ ಒಂದೇ ಅಲ್ಲ. 650 ವ್ಯಾಟಿನ ಎಸ್‌ಎಂಪಿಎಸ್ ಹಾಕಿ, ಹಳೆಯ ಯುಪಿಎಸ್ ಹಾಗೇ ಉಳಿಸಿಕೊಂಡ ಮನೆಯಲ್ಲಿ ಕರೆಂಟು ಹೋದ ಕೂಡಲೇ ಯುಪಿಎಸ್ ಕಿರುಚಿ ಆರುತ್ತದೆ. ಬೈಗುಳ ಬೀಳುವುದು ಹೊಸ ಎಸ್‌ಎಂಪಿಎಸ್‌ಗೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಹಾಸಿಗೆಯ ಉದ್ದ ಎಲ್ಲರಿಗೂ ಕಾಣುತ್ತದೆ ಎಂದು ಭಾವಿಸಿದೆ. ಎಸ್‌ಎಂಪಿಎಸ್ ವಿಷಯದಲ್ಲಿ ಹಾಸಿಗೆಯ ಉದ್ದವನ್ನು ಮಾರುವವನೇ ಬರೆದಿರುತ್ತಾನೆ. ದೊಡ್ಡ ಅಕ್ಷರದ ಸಂಖ್ಯೆ ಡಬ್ಬದ ಮುಂಭಾಗದಲ್ಲಿರುತ್ತದೆ. ಓದಬೇಕಾದದ್ದು ಪೆಟ್ಟಿಗೆಯ ಪಕ್ಕದಲ್ಲಿ ಅಂಟಿಸಿದ ಚಿಕ್ಕ ಕೋಷ್ಟಕ, ಅದರಲ್ಲೂ 12 ವೋಲ್ಟಿನ ಕೆಳಗೆ ಬರೆದ ಆಂಪಿಯರ್. ಅದನ್ನು ಹನ್ನೆರಡರಿಂದ ಗುಣಿಸಲು ಬಿಲ್ ಮಾಡಿಸುವ ಮೊದಲು ಒಂದು ನಿಮಿಷ ಸಾಕು.